ಸಿದ್ದಯ್ಯನ ಲೋಡು, ನಾವು ಆರಿಸಿದ ಟಿಪ್ಪರ್

1957ನೇ ಇಸವಿಯಲ್ಲಿ ನಾನು ಮೈಸೂರಿನ ಒಂದು ಸೌದೆ ಡಿಪೋದಲ್ಲಿ ರೈಟರ್ ಆಗಿದ್ದೆ. ರೈಟರ್ ಎಂದರೆ ಬರೆದುಕೊಂಡು ಕೂರುವವನು ಎಂದಷ್ಟೇ ಅಲ್ಲ. ಯಾವ ಮನೆಗೆ ಎಷ್ಟು ಸೌದೆ, ಸರ್ವೆಯೋ ಹುಣಸೆಯೋ, ಸೀಳಿದ್ದೋ ದುಂಡನೆಯದೋ, ಯಾರ ಮನೆಯ ಹಿತ್ತಲ ಬಾಗಿಲವರೆಗೆ ಗಾಡಿ ಹೋಗುತ್ತದೆ, ಯಾರ ಮನೆಯಲ್ಲಿ ಮಧ್ಯಾಹ್ನ ಮಲಗಿರುತ್ತಾರೆ, ಇದೆಲ್ಲ ನನ್ನ ತಲೆಯಲ್ಲಿರಬೇಕಿತ್ತು. ಡಿಪೋ ಕೃಷ್ಣಮೂರ್ತಿಪುರಂನ ಅಂಚಿನಲ್ಲಿತ್ತು. ಆಗ ಊರಿನ ಬಹುಪಾಲು ಮನೆಗಳಲ್ಲಿ ಅಡಿಗೆಗೂ ಹಂಡೆ ಒಲೆಗೂ ಸೌದೆಯೇ. ಮಳೆ ಹಿಡಿಯುವ ಮೊದಲು ಎಲ್ಲರಿಗೂ ಹಿತ್ತಲ ಕೊಟ್ಟಿಗೆ ತುಂಬಿಸಿಕೊಳ್ಳುವ ಆತುರ. ಅದರ ಮೇಲೆ ಮದುವೆ ಮನೆಗಳು. ಏಪ್ರಿಲ್ ಮೇ ಎರಡು ತಿಂಗಳು ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ನಮ್ಮಲ್ಲಿದ್ದದ್ದು ಒಂದೇ ಗಾಡಿ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಸಣ್ಣ ಟ್ರಕ್ಕು. ಹೊರಬೇಕಾದದ್ದು ಮುಕ್ಕಾಲು ಟನ್, ನಾವು ಹೊರಿಸುತ್ತಿದ್ದದ್ದು ಒಂದು ಟನ್. ಹಿಂದಿನ ಬಾಡಿ ಏಳಡಿ ಉದ್ದ, ಐದಡಿ ಅಗಲ. ಅದಕ್ಕೆ ಸೌದೆ ಜೋಡಿಸುತ್ತಿದ್ದವನು ಸಿದ್ದಯ್ಯ.

ಸಿದ್ದಯ್ಯನಿಗೆ ಆಗ ಐವತ್ತರ ಹತ್ತಿರ ಹತ್ತಿರ. ಎತ್ತಿನ ಗಾಡಿಯ ಕಾಲದಿಂದ ಸೌದೆ ಹೇರಿದವನು. ಕೆಳಗಿನಿಂದ ಇಬ್ಬರು ತುಂಡು ಎತ್ತಿ ಕೊಡುತ್ತಿದ್ದರೆ ಇವನು ಮೇಲೆ ನಿಂತು ಜೋಡಿಸುವನು. ಇವನು ಹೇರಿದ ಲೋಡಿಗೆ ಹಗ್ಗ ಬೇಕಿರಲಿಲ್ಲ. ಗುಂಡಿಯಲ್ಲಿ ಚಕ್ರ ಇಳಿದು ಎದ್ದರೂ ಒಂದು ಚಕ್ಕೆ ರಸ್ತೆಗೆ ಬೀಳುತ್ತಿರಲಿಲ್ಲ. ಬೇರೆ ಡಿಪೋದವರು ಗಾಡಿ ನೋಡಿಯೇ "ಇದು ಸಿದ್ದಯ್ಯನ ಲೋಡು" ಎನ್ನುತ್ತಿದ್ದರು. ತೊಂದರೆ ಇದ್ದದ್ದು ಇಳಿಸುವಾಗ. ಮನೆಯ ಮುಂದೆ ಅವನೂ ಡ್ರೈವರೂ ಇಬ್ಬರೇ ಒಂದು ಗಂಟೆ ಬಗ್ಗಿ ಎದ್ದು, ಬಗ್ಗಿ ಎದ್ದು, ಒಂದೊಂದೇ ತುಂಡು ಕೆಳಗೆ ಹಾಕಬೇಕು. ಆ ವರ್ಷ ಫೆಬ್ರವರಿಯಲ್ಲಿ ಹಾಗೆ ಬಗ್ಗಿದವನು ಏಳಲಿಲ್ಲ. ಸೊಂಟ ಹಿಡಿದುಬಿಟ್ಟಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು, ನಿಂತು ಮಾಡುವ ಕೆಲಸವಾದರೆ ಮಾಡು, ಬಗ್ಗಿ ಎತ್ತುವುದು ಇನ್ನು ಬೇಡ ಎಂದು ಹೇಳಿ ಕಳಿಸಿದರು.

ಡಿಪೋದ ಧಣಿ ಗೌಡರು ಒಳ್ಳೆಯವರೇ, ಆದರೆ ಆತುರದ ಮನುಷ್ಯ.

"ಏನ್ ರಾಯ್ರೆ, ಗಾಡಿ ಒಂದೊಂದ್ ಮನೆ ಬಾಗ್ಲಲ್ಲೂ ಎರಡೆರಡು ಗಂಟೆ ನಿಂತ್ಕಂಡ್ರೆ ನಾವು ಬಾಗ್ಲು ಹಾಕ್ಕೊಂಡು ಹೋಗ್ಬೇಕಾಯ್ತದೆ. ಇಬ್ರು ಹೈಕ್ಳ ನೋಡಿ."

"ಸಿದ್ದಯ್ಯ?"

"ಮನೇಲಿರ್ಲಿ ಬುಡಿ. ನಾನೇನ್ ಕಟುಕನಾ, ಸೊಂಟ ಹೋದೋನ ಕೈಲಿ ಸೌದೆ ಹೊರಿಸಕ್ಕೆ?"

ಮನೆಯಲ್ಲಿರುವುದೆಂದರೆ ಸಿದ್ದಯ್ಯನಿಗೆ ಏನೆಂದು ನನಗೆ ಗೊತ್ತಿತ್ತು. ಬೇರೆ ಕಸುಬು ಅವನಿಗೆ ಬರುತ್ತಿರಲಿಲ್ಲ. ಆಗ ನನಗೆ ಹೊಳೆದದ್ದು ಟಿಪ್ಪರ್. ರಸ್ತೆ ಕೆಲಸದ ಲಾರಿಗಳಂತೆ ನಮ್ಮ ಗಾಡಿಯ ಬಾಡಿಯೂ ಮುಂದಿನಿಂದ ಮೇಲೆದ್ದು ಹಿಂದಕ್ಕೆ ವಾಲಿದರೆ ಸೌದೆ ತಾನೇ ಜಾರಿ ಬೀಳುತ್ತದೆ. ಬಗ್ಗುವ ಕೆಲಸವೇ ಇಲ್ಲ. ಗೌಡರಿಗೆ ಹೇಳಿದೆ.

"ಮಾಡ್ಸಿ. ಏಪ್ರಿಲ್ ಹೊತ್ಗೆ ಗಾಡಿ ಓಡ್ಬೇಕು. ಆಗ್ನಿಲ್ವೋ, ನಾನ್ ಹೇಳ್ದಂಗೆ."

ಯಾವ ಬಗೆಯ ಟಿಪ್ಪರ್ ಎಂದು ಆರಿಸುವ ಕೆಲಸ ನನ್ನ ತಲೆಗೇ ಬಂತು. ನಮ್ಮ ಗಾಡಿ ರಿಪೇರಿ ಮಾಡುತ್ತಿದ್ದ ಗಫೂರ್ ಮೇಸ್ತ್ರಿಯ ಗ್ಯಾರೇಜಿನಲ್ಲಿ ಕೂತು ವಿಚಾರಿಸಿದೆ. ದಾರಿಗಳು ಎರಡಿದ್ದವು. ಮೊದಲನೆಯದು ಹೈಡ್ರಾಲಿಕ್. ಇಂಜಿನ್ನಿನ ಬಲದಿಂದ ಒಂದು ಪಂಪು ಓಡಿ, ಎಣ್ಣೆಯನ್ನು ಕಬ್ಬಿಣದ ಕೊಳವೆಗೆ ಒತ್ತುತ್ತದೆ. ಕೊಳವೆಯೊಳಗಿನ ದಪ್ಪ ಸರಳು ಮೇಲೆದ್ದು ಬಾಡಿಯನ್ನು ಎತ್ತುತ್ತದೆ. ಡ್ರೈವರು ಲಿವರ್ ಎಳೆದರೆ ಆಯಿತು. ಒಬ್ಬ ಕಂಟ್ರಾಕ್ಟರ ಹತ್ತಿರ ಹಳೆಯದೊಂದು ಬಿಚ್ಚಿಟ್ಟಿದ್ದರು; ನಡುನಡುವೆ ಹದವಾಗಿ ನಿಲ್ಲಿಸುವುದು ಮಾತ್ರ ಅದರಲ್ಲಿ ಕಷ್ಟ. ಎರಡನೆಯದು ಕೈವಿಂಚು. ಕ್ಯಾಬಿನ್ನಿನ ಹಿಂದೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಅದರ ಮೇಲಿನ ರಾಟೆಯಿಂದ ತಂತಿಹಗ್ಗ ಇಳಿಸಿ ಬಾಡಿಯ ಮುಂತುದಿಗೆ ಕಟ್ಟುವುದು. ಪಕ್ಕದಲ್ಲಿ ನಿಂತು ಹಿಡಿಕೆ ತಿರುಗಿಸಿದರೆ ಬಾಡಿ ಇಂಚಿಂಚೇ ಏಳುತ್ತದೆ. ಹಲ್ಲಿನ ಚಕ್ರಕ್ಕೆ ಒಂದು ಕಬ್ಬಿಣದ ನಾಲಿಗೆ ಕಚ್ಚಿಕೊಳ್ಳುವುದರಿಂದ ಕೈ ಬಿಟ್ಟರೂ ಕೆಳಗೆ ಬೀಳುವುದಿಲ್ಲ.

ಮೇಸ್ತ್ರಿಯ ಒಲವು ವಿಂಚಿನ ಕಡೆ. "ರಾಯರೆ, ಮರಳು ನೀರಿನ ಥರಾ ಹೋಗ್ತದೆ. ಸೌದೆಗೆ ಕೈಕಾಲು ಇರ್ತದೆ, ಒಂದನ್ನೊಂದು ಹಿಡ್ಕೋತದೆ. ಎಲ್ಲಿ ಬೇಕೋ ಅಲ್ಲಿ ನಿಲ್ಲಿಸೋ ಹಾಗಿರ್ಬೇಕು."

ಗೌಡರು ನಕ್ಕುಬಿಟ್ಟರು. "ಬಾವಿ ನೀರ್ ಸೇದ್ದಂಗೆ ತಿರುಗಿಸ್ಕೊಂಡು ಕೂರಕ್ಕಾ ಮೇಸ್ತ್ರಿ? ಕಾಲ ಎಲ್ಲಿಗ್ ಬಂತು!"

ನಾನೂ ಅದೇ ಕಡೆ ವಾಲಿದೆ. ಎರಡು ದಿನ ಊರಾಚೆ ಹೊಸ ಬಡಾವಣೆಯ ರಸ್ತೆ ಕೆಲಸಕ್ಕೆ ಹೋಗಿ, ಬಿಸಿಲಲ್ಲಿ ನಿಂತು, ಮರಳಿನ ಲಾರಿಗಳು ಎಷ್ಟು ಎತ್ತರಕ್ಕೆ ಎದ್ದಾಗ ಮರಳು ಜಾರುತ್ತದೆ, ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಬರೆದುಕೊಂಡು ಬಂದೆ. ಮೂವತ್ತೈದು ಡಿಗ್ರಿಗೆ ಮರಳು ಹೊರಟುಬಿಡುತ್ತಿತ್ತು, ಎರಡು ನಿಮಿಷದೊಳಗೆ ಬಾಡಿ ಖಾಲಿ. ಡ್ರೈವರುಗಳನ್ನು ಕೇಳಿದೆ, ಮೇಸ್ತ್ರಿಯನ್ನು ಕೇಳಿದೆ, ಗೌಡರನ್ನು ಕೇಳಿದೆ. ಹೈಡ್ರಾಲಿಕ್ ಎಂದು ಬರೆದುಕೊಟ್ಟೆ. ಸಿದ್ದಯ್ಯನನ್ನು ಕೇಳಬೇಕೆಂದು ನನಗೆ ತೋಚಲೇ ಇಲ್ಲ. ಅವನಿಗಾಗಿಯೇ ಇಷ್ಟೆಲ್ಲ ಓಡಾಡುತ್ತಿದ್ದೇನೆ, ಅವನನ್ನು ಮತ್ತೆ ಕೇಳುವುದೇನು?

ಮಾರ್ಚ್ ಕೊನೆಯ ಗುರುವಾರ ಬೆಳಿಗ್ಗೆ ಡಿಪೋ ಅಂಗಳದಲ್ಲಿ ಪರೀಕ್ಷೆ. ಹಿಂದಿನ ದಿನವಿಡೀ ಸಿದ್ದಯ್ಯ ಲೋಡು ಮಾಡಿಸಿದ್ದ. ಸೊಂಟಕ್ಕೆ ಪಂಚೆ ಬಿಗಿದು ಸುತ್ತಿಕೊಂಡು ಮೇಲೆ ನಿಂತು, ಕೊಟ್ಟ ತುಂಡು ಸರಿಯಿಲ್ಲವೆಂದರೆ ವಾಪಸು ಕೊಟ್ಟು, ಎರಡು ಸಲ ಬಿಚ್ಚಿ ಮತ್ತೆ ಜೋಡಿಸಿದ್ದ. ಪರೀಕ್ಷೆ ಗಾಡಿಗೆ ಎಂದು ನಾವು ತಿಳಿದಿದ್ದೆವು. ತನಗೆ ಎಂದು ಅವನು ತಿಳಿದಿದ್ದ.

ಮೇಸ್ತ್ರಿಯೇ ಡ್ರೈವರ್ ಸೀಟಿನಲ್ಲಿ ಕೂತು ಲಿವರ್ ಎಳೆದ. ಬಾಡಿ ಗೊರಗೊರ ಎನ್ನುತ್ತ ಎದ್ದಿತು. ಮೂವತ್ತೈದು ಡಿಗ್ರಿ ಆಯಿತು, ಸೌದೆ ಅಲುಗಲಿಲ್ಲ. ನಲವತ್ತೈದು ಆಯಿತು, ಗೋಡೆ ಕಟ್ಟಿದ ಹಾಗೆ ಕೂತಿತ್ತು. ಗೌಡರು "ಇನ್ನೂ ಎತ್ತಿ" ಎಂದು ಕೂಗಿದರು. ಮೇಸ್ತ್ರಿ ಹಿಂದಕ್ಕೆ ತಿರುಗಿ ಏನೋ ಹೇಳಿದ, ಇಂಜಿನ್ ಸದ್ದಿನಲ್ಲಿ ಕೇಳಲಿಲ್ಲ. ಆಗ ಮೇಲಿನ ಅರ್ಧ ಲೋಡು ಒಂದು ಗೇಣು ಜಾರಿ, ಹಿಂದೆ ಎರಡು ಪಕ್ಕದ ಹಲಗೆಗಳನ್ನು ಸೇರಿಸಿದ್ದ ಕಬ್ಬಿಣದ ಅಡ್ಡಪಟ್ಟಿಗೆ ಸಿಕ್ಕಿಕೊಂಡು ನಿಂತಿತು. ಭಾರವೆಲ್ಲ ಹಿಂದಕ್ಕೆ ಬಂದುಬಿಟ್ಟಿತು. ಗಾಡಿಯ ಮುಂದಿನ ಚಕ್ರಗಳು ನೆಲ ಬಿಟ್ಟು ಮೇಲೆದ್ದದ್ದನ್ನು ನಾನು ಕಣ್ಣಾರೆ ಕಂಡೆ.

ಅಷ್ಟರಲ್ಲಿ ಸಿದ್ದಯ್ಯ ಹಿಂದಕ್ಕೆ ಓಡಿದ. ತನ್ನ ಲೋಡು ಕೈಕೊಟ್ಟಿತು ಎನ್ನುವ ಅವಮಾನ ಅವನಿಗೆ. ಯಾವ ತುಂಡು ಎಳೆದರೆ ಕಟ್ಟು ಬಿಚ್ಚುತ್ತದೆ ಎಂದು ಅವನೊಬ್ಬನಿಗೇ ಗೊತ್ತು.

"ಸಿದ್ದಯ್ಯಾ, ಹಿಂದೆ ಹೋಗ್ಬೇಡ! ಬಾರೋ ಈಚೆ!" ಎಂದು ನಾನು ಕೂಗಿದೆ.

ಅವನು ಕೈ ಹಾಕಿ ಎಳೆದೇಬಿಟ್ಟ. ಒಂದು ಟನ್ ಸೌದೆ ಒಂದೇ ಸಲಕ್ಕೆ ಬಂತು. ಅವನು ಪಕ್ಕಕ್ಕೆ ಹಾರಿ ಒಟ್ಟಿದ್ದ ಸೌದೆಯ ಮೇಲೆ ಬಿದ್ದ. ಮುಂದಿನ ಚಕ್ರಗಳು ದಢಾರನೆ ನೆಲಕ್ಕೆ ಬಡಿದು ಮೇಸ್ತ್ರಿಯ ತಲೆ ಕ್ಯಾಬಿನ್ನಿಗೆ ಹೊಡೆಯಿತು. ಧೂಳು ಇಳಿದ ಮೇಲೆ ನೋಡಿದರೆ ಸಿದ್ದಯ್ಯನ ಮೊಣಕಾಲ ಕೆಳಗೆ ಚರ್ಮ ಕಿತ್ತು ರಕ್ತ ಸುರಿಯುತ್ತಿತ್ತು. ಮೂಳೆ ಮುರಿದಿರಲಿಲ್ಲ. ಒಂದು ಮಾರು ಈಚೆಗಿದ್ದಿದ್ದರೆ ಎಂದು ಲೆಕ್ಕ ಹಾಕುತ್ತ ನನ್ನ ಹೆಗಲ ಟವೆಲು ತೆಗೆದು ಅವನ ಕಾಲಿಗೆ ಸುತ್ತಿದೆ.

ಗೌಡರು ಸಿಡಿದುಬಿದ್ದರು. "ಸಾಕು ಕಣ್ರೀ. ಬಿಚ್ಚಿ ಎಸೀರಿ ಅದ್ನ. ಸೋಮವಾರದಿಂದ ಹೈಕ್ಳು ಬರ್ಲಿ."

ಗುರುವಾರದಿಂದ ಸೋಮವಾರಕ್ಕೆ ಎಷ್ಟು ದಿನ? ಶುಕ್ರವಾರ ನನಗೆ ಬರೆದದ್ದನ್ನೇ ಮತ್ತೆ ಬರೆಯುವುದು, ಎದ್ದು ಗೇಟಿನವರೆಗೆ ಹೋಗುವುದು, ಬರುವುದು. ಸಂಜೆ ತಡೆಯಲಾರದೆ ಸಿದ್ದಯ್ಯನ ಮನೆಗೆ ಹೋದೆ. ಅವನು ಕಾಲಿಗೆ ಬಟ್ಟೆ ಸುತ್ತಿಕೊಂಡು ಜಗುಲಿಯಲ್ಲಿ ಗೋಡೆಗೊರಗಿದ್ದ. ಮಾತಾಡಿಸಿದರೆ ಮುಖ ತಿರುಗಿಸಿದ.

ಅವನ ಹೆಂಡತಿ ಕೆಂಪಮ್ಮ ಒಳಗಿನಿಂದಲೇ, "ಬೆಳಗಿಂದ ನನ್ ಮೇಲೆ ಎಗರಾಡ್ತಾವ್ನೆ ಐನೋರೆ, ಸದ್ಯ ನೀವ್ ಬಂದ್ರಿ. ಇನ್ನೊಂದ್ ಗಳಿಗೆ ನಿಮ್ ಮೇಲೆ ಎಗರಾಡ್ಲಿ" ಎಂದಳು.

ಎಗರಾಡಿಯೇ ಬಿಟ್ಟ. "ಅಲ್ಲ ಐನೋರೆ, ಒಂದ್ ತುಂಡೂ ಬೀಳ್ಬಾರ್ದು ಅಂತ ಕಟ್ಟೋನು ನಾನು. ಬೀಳಿಸೋ ಗಾಡಿ ತಂದು ನನ್ ಮುಂದೆ ನಿಲ್ಲಿಸ್ಬುಟ್ರೆ ನಾನೇನ್ ಮಾಡ್ಲಿ? ಎಂಗೆ ಸೌದೆ ಏರ್ತೀಯ ಸಿದ್ದಯ್ಯ ಅಂತ ಒಂದ್ ಮಾತು ಕೇಳಿದ್ರಾ?"

"ಕೇಳಲಿಲ್ಲ" ಎಂದೆ. "ಈಗ ಹೇಳು."

ಅವನು ಒಳಕ್ಕೆ ತಿರುಗಿ, "ಲೇ, ಮೊರ ತತ್ತಾ" ಎಂದ. ಕೆಂಪಮ್ಮ ಮೊರವನ್ನೂ ಒಲೆ ಉರಿಸಲು ಇಟ್ಟಿದ್ದ ಚಕ್ಕೆಗಳನ್ನೂ ತಂದಿಟ್ಟಳು. ಸಿದ್ದಯ್ಯ ಚಕ್ಕೆಗಳನ್ನು ಮೊರದಲ್ಲಿ ಜೋಡಿಸಿದ. ಎರಡು ಸಾಲು ಉದ್ದಕ್ಕೆ, ಮೂರನೆಯ ಸಾಲು ಅಡ್ಡಕ್ಕೆ, ಅದರ ತುದಿ ಪಕ್ಕದ ಸಾಲಿನ ಸಂದಿಗೆ ತೂರಿ. ಮೊರದ ಹಿಂಬದಿಯನ್ನು ಎತ್ತಿ ತೋರಿಸಿದ. ನೆಟ್ಟಗೆ ನಿಲ್ಲಿಸುವವರೆಗೂ ಒಂದೂ ಬೀಳಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೆ ಬಿದ್ದವು.

"ಇದು ನನ್ ಕಟ್ಟು. ಈಗ ನೋಡಿ." ಎಲ್ಲವನ್ನೂ ಉದ್ದಕ್ಕೇ ಹಾಕಿದ. ಸ್ವಲ್ಪ ಎತ್ತಿದ, ಬಾಯಿಯ ಹತ್ತಿರದವು ಜಾರಿದವು. ಕೈ ನಿಲ್ಲಿಸಿದ, ಉಳಿದವು ನಿಂತವು. ಇನ್ನೊಂದಿಷ್ಟು ಎತ್ತಿದ, ಇನ್ನೊಂದಿಷ್ಟು ಹೋದವು. "ನಿಮ್ ಗಾಡಿ ನಿಲ್ಲಾಕಿಲ್ವಲ್ಲ. ಒಂದೇ ಏಟ್ಗೆ ಎದ್ಬುಡ್ತದೆ."

ಗಫೂರ್ ಮೇಸ್ತ್ರಿ ಹದಿನೈದು ದಿನದ ಹಿಂದೆ ಹೇಳಿದ್ದೂ ಇದೇ. ನಾನು ಮೊರವನ್ನು ನನ್ನ ಕೈಗೆ ತೆಗೆದುಕೊಂಡು ನಾಲ್ಕೈದು ಸಲ ಎತ್ತಿ ನೋಡಿದೆ. ಕೆಂಪಮ್ಮ, "ನನ್ ಚಕ್ಕೆಯೆಲ್ಲ ಬೀದಿಪಾಲಾಯ್ತು, ಸಾಕ್ ಬುಡಿ" ಎಂದಾಗಲೇ ಕೆಳಗಿಟ್ಟದ್ದು.

ಶನಿವಾರ ಬೆಳಿಗ್ಗೆ ಗೌಡರ ಮುಂದೆ ನಿಂತು, ಆರಿಸಿದ್ದು ನಾನು, ತಪ್ಪು ನನ್ನದು, ಇನ್ನೊಂದು ವಾರ ಕೊಡಿ ಎಂದು ಕೇಳಿದೆ. ಅವರು, "ಸೋಮವಾರ ಹೈಕ್ಳು ಬತ್ತಾರೆ. ವಾರ ಕಳೀಲಿ. ನಿಮ್ ಗಾಡಿ ಸೌದೆ ಸುರುದ್ರೆ ಹೈಕ್ಳು ಅಂಗಳದಲ್ಲೇ ಇರ್ಲಿ, ಗಾಡಿ ಜೊತೆ ಸಿದ್ದಯ್ಯ ಹೋಗ್ಲಿ, ಸುರೀದಿದ್ರೆ ಸಿದ್ದಯ್ಯ ಮನೇಲಿರ್ಲಿ" ಎಂದರು.

ಆ ವಾರವೆಲ್ಲ ನಾನು ಗ್ಯಾರೇಜಿಗೂ ಡಿಪೋಗೂ ನಡುವೆ ಸೈಕಲ್ ತುಳಿದದ್ದೇ. ಮೇಸ್ತ್ರಿ ತಲೆಯ ಮೇಲಿನ ಬೋರೆ ತೋರಿಸಿ "ಇದರ ರಿಪೇರಿ ಕೂಲಿ ಯಾರು ಕೊಡ್ತಾರೆ ರಾಯರೆ?" ಎಂದು ರೇಗಿಸುತ್ತಲೇ ಕೆಲಸ ಮಾಡಿದ. ಹೈಡ್ರಾಲಿಕ್ ಬಿಚ್ಚಿ ವಿಂಚು ಕೂರಿಸಿದ. ಬಾಡಿಯ ಕೀಲನ್ನು ಇನ್ನೂ ಹಿಂದಕ್ಕೆ ಸರಿಸಿದ. ಅಡ್ಡಪಟ್ಟಿ ಗರಗಸದಲ್ಲಿ ಕೊಯ್ದು ತೆಗೆದ. ಮುಂದಿನ ಚಕ್ರ ಏಳದಂತೆ ಹಿಂದೆ ಎರಡು ಕಬ್ಬಿಣದ ಕಾಲು ಮಾಡಿ, ಎತ್ತುವ ಮೊದಲು ನೆಲಕ್ಕೆ ಊರುವ ಹಾಗೆ ಮಾಡಿದ. ವಿಂಚಿನ ಹಿಡಿಕೆ ಎಷ್ಟು ಎತ್ತರದಲ್ಲಿರಬೇಕು ಎನ್ನುವಾಗ ಸಿದ್ದಯ್ಯನನ್ನೇ ಪಕ್ಕದಲ್ಲಿ ನಿಲ್ಲಿಸಿ, ಸೊಂಟ ಬಗ್ಗದಂತೆ ಅವನ ಎದೆಮಟ್ಟಕ್ಕೆ ಅಳತೆ ತೆಗೆದ.

ಎರಡನೆಯ ಪರೀಕ್ಷೆಗೆ ಸಿದ್ದಯ್ಯ ಸೌದೆಯನ್ನೆಲ್ಲ ಉದ್ದಕ್ಕೆ ಹಾಕಿಸಿದ. ಮೇಲೆ ಹಗ್ಗ ಬಿಗಿಸಿದ. ಹಗ್ಗ ಕಟ್ಟುವಾಗ ಯಾರ ಮುಖವನ್ನೂ ನೋಡಲಿಲ್ಲ. ಅಂಗಳದಲ್ಲಿ ಒಂದು ಸುತ್ತು ಹಾಕಿಸಿ ಗಾಡಿ ನಿಲ್ಲಿಸಿದೆವು. ಹಗ್ಗ ಬಿಚ್ಚಿ, ಕಾಲು ಊರಿ, ಹಿಡಿಕೆ ಹಿಡಿದ. ಟಕ್, ಟಕ್, ಟಕ್. ಬಾಡಿ ಎದ್ದಿತು. ಅವನು ಸೌದೆಯ ಕಡೆ ಕಿವಿಗೊಟ್ಟು ನಿಂತ. ಒಳಗೆ ಏನೋ ಕಿರುಗುಟ್ಟಿತು. ಇನ್ನೆರಡು ಹಲ್ಲು ತಿರುಗಿಸಿದ. ಹಿಂದಿನ ಭಾಗ ಸರ್ರನೆ ಇಳಿಯಿತು. ಕೈ ನಿಲ್ಲಿಸಿದ, ಉಳಿದದ್ದು ನಿಂತಿತು. ಕಾಲು ತೆಗೆಸಿ, ಗಾಡಿ ನಾಲ್ಕಡಿ ಮುಂದೆ ಬಿಡಿಸಿ, ಕಾಲು ಊರಿಸಿ ಮತ್ತೆ ಎತ್ತಿದ. ಹೀಗೆ ಮೂರು ಸಲಕ್ಕೆ ಬಾಡಿ ಖಾಲಿ. ಹದಿನಾಲ್ಕು ನಿಮಿಷ ಹಿಡಿಯಿತು. ಗೌಡರು ಖಾಲಿ ಬಾಡಿಯೊಳಗೆ ಇಣುಕಿ ನೋಡಿ, "ಹೈಕ್ಳು ಅಂಗಳದಲ್ಲಿರ್ಲಿ" ಎಂದು ಒಳಗೆ ಹೋದರು.

ಮಾರನೆಯ ದಿನ ಮೊದಲ ಗಾಡಿ ಕೃಷ್ಣಮೂರ್ತಿಪುರಂಗೇ ಹೋಯಿತು. ಸಮಾಧಾನವಿಲ್ಲದೆ ನಾನೂ ಜೊತೆಯಲ್ಲಿ ಹೋದೆ. ಸೌದೆ ಸುರಿದ ಮೇಲೆ ಆ ಮನೆಯ ಯಜಮಾನಿ ಗೇಟಿನ ಹತ್ತಿರ ಬಂದು, ರಾಶಿ ನೋಡಿ, "ಇದೇನು ಸಿದ್ದಯ್ಯ, ಹೀಗೆ ಸುರಿದ್ಬುಟ್ಟಿದೀಯ! ನೀನು ಹೇರಿದ್ದೇ ಅಲ್ಲವೇನೋ ಅನ್ನಿಸ್ತು ಕಣೋ" ಎಂದರು. ಅವನು "ಈಗ ಇಂಗೇ ಅಮ್ಮಾವ್ರೆ" ಎಂದಷ್ಟೇ ಹೇಳಿ ವಿಂಚಿನ ತಂತಿ ಸುತ್ತಲು ಹೋದ.

ಮುಂದೆ ಏಳು ವರ್ಷ ಅವನು ಆ ಹಿಡಿಕೆ ಹಿಡಿದ. ಯಾರ ಕಾಲಿಗೂ ಒಂದು ತುಂಡು ತಗುಲಲಿಲ್ಲ. ಡಿಪೋಗೆ ಆಮೇಲೆ ಬಂದ ಕೊಯ್ಯುವ ಯಂತ್ರವಿರಲಿ, ತೂಕದ ಕಟ್ಟೆಯಿರಲಿ, ತರುವ ಮೊದಲು ಅದರ ಮುಂದೆ ದಿನವಿಡೀ ನಿಲ್ಲುವವನ ಪಕ್ಕದಲ್ಲಿ ನಾನೂ ಒಂದು ದಿನ ನಿಲ್ಲುತ್ತಿದ್ದೆ. ಅವನು ಈಗ ಹೇಗೆ ಮಾಡುತ್ತಾನೆ ಎಂದು ನೋಡದೆ, ಇನ್ನು ಹೇಗೆ ಮಾಡಬೇಕು ಎಂದು ಆರಿಸುವ ಹಕ್ಕು ನನಗಿಲ್ಲ ಎಂಬುದನ್ನು ಆ ಗುರುವಾರ ನನಗೆ ಕಲಿಸಿತ್ತು.

ಆದರೂ ಒಂದು ಕಡೆ ನನಗೆ ಸಮಾಧಾನವಾಗಲೇ ಇಲ್ಲ. ಅವನು ಕೆಲಸ ಬಿಡುವ ವರ್ಷ ಒಂದು ಮಧ್ಯಾಹ್ನ, ಇಬ್ಬರೂ ಗೇಟಿನ ನೆರಳಲ್ಲಿ ಕೂತಿದ್ದಾಗ, ವಿಂಚು ಬಂದದ್ದು ಒಳ್ಳೆಯದಾಯಿತಲ್ಲವೇ ಎಂದು ಕೇಳಿದೆ.

"ಒಳ್ಳೇದೇ ಆಯ್ತು ಐನೋರೆ. ಕೆಲ್ಸ ಉಳೀತು" ಎಂದ. ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ನೋಡಿದ. "ಕಟ್ಟು ಮರ್ತೋಯ್ತು. ಮೊನ್ನೆ ಮನೇಲಿ ಮೊರದಲ್ಲಿ ಕಟ್ಟಕ್ಕೆ ನೋಡ್ದೆ. ಬರ್ನಿಲ್ಲ."