ಯಾರು ಗೆಲ್ತಾರ್ರಿ, ಮಾಸ್ತರ್?

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಬಾಸ್ಕೆಟ್‌ಬಾಲ್ ಆಡಲು ಬರುವುದಿಲ್ಲ. ಜನ್ಮದಲ್ಲಿ ಒಂದೇ ಸಲ ಚೆಂಡನ್ನು ಬುಟ್ಟಿಯತ್ತ ಎಸೆದಿದ್ದೇನೆ. ಅದು ಹೆಡ್ ಮಾಸ್ತರರ ಖೋಲಿಯ ಕಿಟಕಿ ಹೊಕ್ಕಿತು. ಆದರೆ ಯಾರು ಗೆಲ್ಲುತ್ತಾರೆಂದು ಹೇಳುವುದರಲ್ಲಿ ಮೂರು ತಾಲೂಕಿನಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಈಜು ಬಾರದವನು ದಂಡೆಯ ಮೇಲೆ ನಿಂತು ಭೀಮೆಯ ಆಳ ಹೇಳಿದ ಹಾಗೆ.

ಎಂಬತ್ತರ ದಶಕದ ಮಾತು. ನಾನು ಅಫಜಲಪುರದಲ್ಲಿ ಹೈಸ್ಕೂಲು ಹುಡುಗರಿಗೆ ಗಣಿತ ಕಲಿಸುತ್ತಿದ್ದೆ. ಶಾಲೆಯ ಅಂಗಳದಲ್ಲಿ ವರ್ಷಕ್ಕೊಮ್ಮೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ನೌಕರರ ಬಾಸ್ಕೆಟ್‌ಬಾಲ್ ನಡೆಯುತ್ತಿತ್ತು. ಕೊನೆಗೆ ಉಳಿದ ಎರಡು ತಂಡಗಳು ದಿನಕ್ಕೊಂದರಂತೆ ಮೂರು ಪಂದ್ಯ ಆಡಬೇಕು. ಎರಡು ಗೆದ್ದವರಿಗೆ ಕಪ್. ನಮ್ಮೂರ ತಂಡ ಕೊನೆಯವರೆಗೆ ಉಳಿಯುವ ಭಯವೇ ಇರಲಿಲ್ಲವಾದ್ದರಿಂದ ಸ್ಕೋರು ಬರೆಯುವ ಕೆಲಸ ನಿಷ್ಪಕ್ಷಪಾತಿಯಾದ ನನಗೆ ಬಿತ್ತು. ಬರೆಯುತ್ತ ಬರೆಯುತ್ತ ಯಾರ ಕೈ ಯಾವಾಗ ನಡುಗುತ್ತದೆ, ಯಾರಿಗೆ ಎಷ್ಟು ಹೊತ್ತಿಗೆ ದಮ್ಮು ಹತ್ತುತ್ತದೆ ಎಂಬುದೆಲ್ಲ ತಿಳಿಯತೊಡಗಿತು. ಜ್ಯೋತಿಷಿಗಳು ಗ್ರಹ ನೋಡುತ್ತಾರೆ. ನಾನು ಮೊಣಕಾಲು ನೋಡುತ್ತಿದ್ದೆ. ಮಂದಿ ಕರೆದು ಚಹಾ ಕುಡಿಸಿ ಕೇಳುತ್ತಿದ್ದರು, “ಯಾರು ಗೆಲ್ತಾರ್ರಿ, ಮಾಸ್ತರ್?” ಹೆಂಡತಿ ಮಾತ್ರ ಎಂದೂ ಕೇಳಲಿಲ್ಲ. “ಮನ್ಯಾಗ ಉಪ್ಪು ತೀರೋದು ಗೊತ್ತಾಗಂಗಿಲ್ಲ ನಿಮ್ಗ” ಅನ್ನುತ್ತಿದ್ದಳು.

ಆಳಂದ ತಂಡದ ನಾಯಕ ಗುರುಲಿಂಗಪ್ಪ ನನ್ನ ಗೆಳೆಯ. ಮಾದನಹಿಪ್ಪರಗಾದವನು, ದನದ ದವಾಖಾನೆಯಲ್ಲಿ ಕಂಪೌಂಡರ್, ನನಗಿಂತ ಐದಾರು ವರ್ಷ ಚಿಕ್ಕವನು. ಪಂದ್ಯಕ್ಕೆ ಬಂದರೆ ನಮ್ಮ ಮನೆಯಲ್ಲೇ ಇಳಿಯುತ್ತಿದ್ದ.

ಆ ವರ್ಷ ಕೊನೆಗೆ ಉಳಿದದ್ದು ಆಳಂದ, ಜೇವರ್ಗಿ. ನಾನೊಂದು ಸಂಗತಿ ಕಂಡುಹಿಡಿದಿದ್ದೆ: ಎಡಗಡೆಯಿಂದ ಬಂದ ಚೆಂಡು ಗುರುಲಿಂಗಪ್ಪನ ಕೈಗೆ ಸಿಗುತ್ತಿರಲಿಲ್ಲ. ಹಿಂದಿನ ವರ್ಷವೇ ಅನುಮಾನ ಬಂದಿತ್ತು. ಈ ಸಲ ಖಾತ್ರಿಯಾಯಿತು. ಕಂಡುಹಿಡಿದವನಿಗೆ ಸುಮ್ಮನಿರಲಾದೀತೆ? ಹೋಟೆಲಿನಲ್ಲಿ ಎಲ್ಲರೆದುರು ಹೇಳಿದೆ, “ಜೇವರ್ಗಿ ಗೆಲ್ತದ. ಮೂರನೇ ಪಂದ್ಯದ ಜರೂರತ್ತೇ ಬೀಳೂದಿಲ್ಲ. ಗುರುಲಿಂಗಪ್ಪಂದು ಎಡಗಡಿ ಖಾಲಿ ಅದ.” ಪಕ್ಕದ ಬೆಂಚಿನಲ್ಲಿ ಜೇವರ್ಗಿಯ ಇಬ್ಬರು ಆಟಗಾರರು ಭಜಿ ತಿನ್ನುತ್ತಿದ್ದರು. ಅವರನ್ನು ನೋಡಿಯೇ ಹೇಳಿದೆ.

ಊಟಕ್ಕೆ ಕೂತಾಗ ಗುರುಲಿಂಗಪ್ಪ ಕೇಳಿದ, “ನಂದು ಎಡಗಡಿ ಖಾಲಿ ಅಂದ್ರಂತಲ್ರಿ?”

“ವಯಸ್ಸಾತಲೇ ನಿನಗ” ಎಂದು ನಕ್ಕೆ.

ಅವನು ರೊಟ್ಟಿ ಮುರಿಯುತ್ತ, “ಇರಬಹುದ್ರಿ” ಅಂದ. ಇನ್ನೇನೋ ಹೇಳುವವನಿದ್ದ. ನಾನು ಜೇವರ್ಗಿಯವರ ಬಲಾಬಲ ವಿವರಿಸತೊಡಗಿದೆ.

ಮೊದಲ ಪಂದ್ಯ ಆಳಂದ ಸೋತಿತು. ಎರಡನೆಯದರಲ್ಲಿ ಜೇವರ್ಗಿಯವರು ಬಂದದ್ದೆಲ್ಲ ಅವನ ಎಡಗಡೆಯಿಂದಲೇ. ಅವನು ಪ್ರತಿ ಸಲ ಒಂದು ಗಳಿಗೆ ತಡವಾಗಿ ತಿರುಗುತ್ತಿದ್ದ. ಕೊನೆಗೆ ಓಡಿ ಬಂದವನೊಬ್ಬ ಬಡಿದು ಗುರುಲಿಂಗಪ್ಪ ನೆಲಕ್ಕೆ ಬಿದ್ದ. ಆಳಂದ ಅದನ್ನೂ ಸೋತಿತು. “ನೀವು ಹೇಳಿದ್ದು ಖರೇ ಆತ್ರಿ ಮಾಸ್ತರ್!” ಎಂದು ಯಾರೋ ನನ್ನ ಬೆನ್ನು ತಟ್ಟಿದರು. ನಾನು ಬೀಗುತ್ತ, ಗೆಳೆಯನನ್ನು ಸಮಾಧಾನಪಡಿಸಲು ನೀರಿನ ಗ್ಲಾಸು ಹಿಡಿದುಕೊಂಡು ಹೋದೆ. ಅವನು ಕಟ್ಟೆಯ ಮೇಲೆ ಕೂತು ಎದುರಿಗೇ ನೋಡುತ್ತಿದ್ದ.

“ಯಾರಾರ ನೀರ್ ಕೊಡ್ರಿ” ಅಂದ.

ಗ್ಲಾಸು ಅವನ ಎಡಗೆನ್ನೆಯಿಂದ ಒಂದು ಗೇಣು ದೂರದಲ್ಲಿತ್ತು. ಹಿಡಿದೇ ನಿಂತೆ. ಅವನು ಮತ್ತೆ ಅಂದ, “ನೀರ್ ಕೇಳಿದ್ನಲ್ರೋ?”

ನಾನು ಬಾಗಿ ಕೇಳಿದೆ, “ಗುರುಲಿಂಗಾ, ಈ ಕಣ್ಣು ಕಾಣವಲ್ದೇನೋ?”

ದನಿ ಬಂದ ಕಡೆ ಪೂರ್ತಿ ಕುತ್ತಿಗೆ ತಿರುಗಿಸಿ ಗ್ಲಾಸು ತೆಗೆದುಕೊಂಡ. “ಎರಡು ವರ್ಷದಿಂದ ಮಬ್ಬು ಇತ್ರಿ. ಈಗ ಏನೂ ಕಾಣಂಗಿಲ್ಲ. ಹೇಳಿದ್ರ ತಂಡದಾಗಿಂದ ತೆಗೀತಾರಂತ ಸುಮ್ನಿದ್ದೆ.” ನೀರು ಕುಡಿದು, “ನಿಮ್ಗ ತಿಳದದ ಅನ್ಕೊಂಡಿದ್ದೆ. ನೀವು ಎಲ್ಲಾ ನೋಡ್ತೀರಲ್ಲ” ಅಂದ. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಮುಂಜಾನೆಯ ಬಸ್ಸಿಗೆ ಅವನನ್ನು ಸೊಲ್ಲಾಪುರದ ಕಣ್ಣಿನ ಡಾಕ್ಟರರ ಹತ್ತಿರ ಕರೆದೊಯ್ದೆ. ಕಣ್ಣೊಳಗೆ ಒತ್ತಡ ಹೆಚ್ಚಾಗಿ ಎಡಗಣ್ಣು ಹೋಗಿದೆ, ಹನಿ ಹಾಕುತ್ತಿದ್ದರೆ ಬಲಗಣ್ಣು ಉಳಿಯುತ್ತದೆ ಎಂದರು. ಒಂದು ವರ್ಷ ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದೂ ಹೇಳಿದರು. ಒಂದು ವರ್ಷ ಮೊದಲು ನಾನು ಅದನ್ನು ನೋಡಿದ್ದೆ. ಮುಂದೆ ಭವಿಷ್ಯ ಹೇಳಲು ಬೇಕಾಗುತ್ತದೆಂದು ಜೋಪಾನವಾಗಿ ಇಟ್ಟುಕೊಂಡಿದ್ದೆ.

ತಿರುಗಿ ಬರುವ ಬಸ್ಸಿನಲ್ಲಿ ನಾನು ಅವನ ಎಡಕ್ಕೆ ಕೂತಿದ್ದೆ. ಸ್ವಲ್ಪ ದೂರ ಹೋದ ಮೇಲೆ ಅವನು ಎದ್ದು, “ಈ ಕಡೆ ಬರ್ರಿ ಮಾಸ್ತರ್, ಕಾಣಸ್ತೀರಿ” ಎಂದು ಜಾಗ ಬದಲಿಸಿದ. ಊರು ಬರುವತನಕ ಅವನೇ ಎಮ್ಮೆಗಳ ಕಾಲುಬೇನೆಯ ಬಗ್ಗೆ ಹೇಳುತ್ತ ನನ್ನನ್ನು ಸಮಾಧಾನಪಡಿಸಿದ.

ಆಮೇಲೆ ನಾನು ಭವಿಷ್ಯ ಹೇಳಲಿಲ್ಲ. ಅದರ ಬದಲು ಒಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ಹುಡುಗನೊಬ್ಬ ಸುಲಭದ ಲೆಕ್ಕ ತಪ್ಪಿದರೆ, ಕಂಡಕ್ಟರು ಹರಿದ ಟಿಕೇಟನ್ನೇ ಮತ್ತೆ ಹರಿದರೆ, ಹತ್ತಿರ ಹೋಗಿ “ಆರಾಮ ಇದ್ದೀರಿಲ್ರಿ?” ಎಂದು ಕೇಳುತ್ತೇನೆ. ಮಾಸ್ತರರಿಗೆ ಅರಳುಮರಳು ಎನ್ನುತ್ತಾರೆ ಮಂದಿ. ಬಹಳ ಜನ “ಆರಾಮ್ ಇದ್ದೇನ್ರಿ” ಅನ್ನುತ್ತಾರೆ. ತುಸು ಹೊತ್ತು ಅಲ್ಲೇ ನಿಂತು, ಇನ್ನೊಮ್ಮೆ ಕೇಳುತ್ತೇನೆ.