ನೆಪೀನ್ ನದಿಯಲ್ಲಿ ರಬ್ಬರ್ ಕಪ್ಪೆ

ಅಷ್ಟು ದೊಡ್ಡ ಮೀನನ್ನು ಹಿಡಿದು, ಬೆನ್ನು ಸವರಿ, ಕೆನ್ ಮರಳಿ ನೀರಿಗೆ ಬಿಟ್ಟುಬಿಟ್ಟ. ದಡದಲ್ಲಿದ್ದ ನಾನು "ಅಯ್ಯೋ!" ಎಂದು ಕೂಗಿದೆ. ಮಂಗಳೂರಿನ ಕಡೆ ಹುಟ್ಟಿದವಳು ನಾನು. ಹಿಡಿದ ಮೀನು ಹೊಳೆಗೆ ವಾಪಸ್ ಹೋದದ್ದನ್ನು ಅದುವರೆಗೆ ಕಂಡಿರಲಿಲ್ಲ.

ಕೆನ್ ಸಿಡ್ನಿಯ ಟೂಂಗಾಬಿಯಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಲಾರಿ ಚಾಲಕ. 2005ರ ಆ ಬೇಸಿಗೆಯಲ್ಲಿ ನನಗೆ ಕೆಲಸವಿರಲಿಲ್ಲ. ಗಂಡ ರೋಶನ್ ಆಫೀಸಿಗೆ ಹೋದರೆ ಸಂಜೆಯವರೆಗೆ ಮಾತಿಗೆ ಜನವಿರಲಿಲ್ಲ. ಕೆನ್ ಜೊತೆ ನದಿಗೆ ಹೋಗಿ ನಾನೂ ಗಾಳ ಹಾಕುತ್ತೇನೆ ಎಂದಾಗ ರೋಶನ್ ಗಾಬರಿಯಾದ.

"ನಮ್ಮಲ್ಲಿ ಹೆಂಗಸರು ಮೀನು ಮಾರುವುದು, ಹಿಡಿಯುವುದಲ್ಲ. ನಮ್ಮವರೆಲ್ಲ ನಗಾಡ್ತಾರೆ ಮಾರಾಯ್ತಿ."

"ನಗಾಡ್ಲಿ," ಎಂದೆ. ಮರುದಿನವೇ ಮೀನು ಹಿಡಿಯುವ ಲೈಸೆನ್ಸ್ ಮಾಡಿಸಿದೆ.

ಬಾಸ್ ಅಲ್ಲಿನ ಹೊಳೆಮೀನು. ಅದಕ್ಕೆಂದು ಕೆನ್ ಕೊಟ್ಟದ್ದು ನೀರ ಮೇಲೆ ತೇಲುವ, ಕೊಕ್ಕೆಯಿರುವ ರಬ್ಬರ್ ಕಪ್ಪೆ. ಮೋಡ ಕವಿದು ನೀರು ನಿಶ್ಚಲವಾಗಿದ್ದರೆ, ಕಪ್ಪೆ ಬಿದ್ದಲ್ಲಿ ಎದ್ದ ಅಲೆ ಅಳಿಯುವವರೆಗೂ ಅದನ್ನು ಅಲುಗಿಸಬಾರದು. ಬಿಸಿಲೇರಿದರೆ ಕೊಂಬೆಯ ನೆರಳಿಗೇ ಎಸೆಯಬೇಕು. ತುಂತುರು ಮಳೆಯಲ್ಲಿ ಮೀನಿಗೆ ಧೈರ್ಯ ಹೆಚ್ಚು. ಗಾಳಿ ಬೀಸಿದರೆ?

"ಮನೆಗೆ ಹೋಗು," ಎಂದಿದ್ದ ಕೆನ್.

ಎರಡು ತಿಂಗಳು ಒಂದೂ ಸಿಗಲಿಲ್ಲ. ಒಂದು ಶನಿವಾರ ಪಶ್ಚಿಮದಿಂದ ಬಿಸಿಗಾಳಿ ಎದ್ದಿತು. ಕೆನ್ ಸಾಮಾನು ಕಟ್ಟಿ ನನಗಾಗಿ ಕಾಯುತ್ತ ನಿಂತ. ನಾನು ಕದಲಲಿಲ್ಲ. ಮರದ ಹುಳುಗಳು ಉದುರಿ ನೀರಿಗೆ ಬೀಳುತ್ತಿದ್ದ ಕಡೆ ಕಪ್ಪೆಯನ್ನೆಸೆದು, ಅಲೆಗಳ ನಡುವೆಯೂ ಸದ್ದಾಗುವಂತೆ ಜಗ್ಗಿದೆ. ಫಳ್ಳೆಂದು ನೀರು ಚಿಮ್ಮಿತು. ತಕ್ಷಣ ಎಳೆದು ಎಷ್ಟೋ ಸಲ ಕಳೆದುಕೊಂಡಿದ್ದೆ. ಈ ಸಲ ದಾರ ಭಾರವಾಗುವವರೆಗೆ ಕಾದು, ಆಮೇಲೆ ಎಳೆದೆ. ಬಂತು, ಕಂಚಿನ ಬಣ್ಣದ ಬಾಸ್!

ಆಚೆ ಗಾಳ ಹಾಕುತ್ತಿದ್ದ ಅಪರಿಚಿತನೊಬ್ಬ ಹತ್ತಿರ ಬಂದ. "ವಾಪಸ್ ಬಿಡು. ಸಿಕ್ಕಿದ್ದೆಲ್ಲ ತಿಂದು ನದಿ ಖಾಲಿ ಮಾಡೋ ಜನ ನೀವು."

ಬಿಡಬೇಕೆಂದೇ ಇದ್ದೆ. ಆ ಮಾತು ಕೇಳಿ ಕೈ ನಿಂತಿತು. ಲೈಸೆನ್ಸ್ ತೋರಿಸಿ, "ಕಾನೂನಿನ ಪ್ರಕಾರ ದಿನಕ್ಕೆ ಎರಡು ಇಟ್ಕೊಳ್ಬಹುದು. ನಾನು ಒಂದು ಇಟ್ಕೊಳ್ತೇನೆ," ಎಂದೆ. ಇಂಗ್ಲಿಷ್ ತಡವರಿಸಿತು, ದನಿ ನಡುಗಲಿಲ್ಲ.

ಅವನು ಕೆನ್‌ನ ಮುಖ ನೋಡಿದ. "ಅವಳು ಹೇಳಿದ್ದು ಸರಿ," ಎಂದ ಕೆನ್.

ಮನೆಯಲ್ಲಿ ಆ ಮೀನಿನ ಹುಳಿ-ಖಾರದ ಸಾರು, ನಮ್ಮೂರ ಪುಳಿಮುಂಚಿ ಮಾಡಿದೆ. ಕೆನ್ ಬೆವರೊರೆಸಿಕೊಳ್ಳುತ್ತ ಉಂಡ. ರೋಶನ್ ತಟ್ಟೆ ಬರಿದು ಮಾಡಿ, "ಇನ್ನೊಂದು ತುಂಡು ಉಂಟಾ?" ಎಂದು ಕೇಳಿದ. ಆಮೇಲೆ ಹಿಡಿದ ಬಾಸ್‌ಗಳನ್ನೆಲ್ಲ ನೀರಿಗೇ ಬಿಟ್ಟೆ. ಯಾರೋ ಹೇಳಿದರೆಂದಲ್ಲ, ನನಗೇ ಹಾಗನ್ನಿಸಿತು.

ಈಗ ರೋಶನ್‌ನ ಕೆಲಸದಿಂದಾಗಿ ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿದ್ದೇವೆ. ಹೊಸ ಬಡಾವಣೆ, ಹೊಸ ಮನೆ. ಹತ್ತಿರದಲ್ಲಿ ಬಾಸ್ ಇಲ್ಲ. ಗಾಳಿ ಬೀಸಿದಾಗ ನೆಪೀನ್ ನೆನಪಾಗುತ್ತದೆ. ಕಳೆದ ವರ್ಷ ಮಂಗಳೂರಿಗೆ ಹೋದಾಗ ಮೀನು ಮಾರುವಾಕೆ, "ಯಾವೂರಾಯ್ತು ನಿಮ್ದು?" ಎಂದಳು. "ಇದೇ ಊರು," ಎಂದು ಚೌಕಾಶಿಗಿಳಿದೆ.

ಇಲ್ಲಿಯೂ ಕೇಳುತ್ತಾರೆ. ಸಿಡ್ನಿಯವಳು, ಎನ್ನುತ್ತೇನೆ. "ಅಲ್ಲ, ನಿಜವಾಗಿ ಎಲ್ಲಿಯವಳು?" ಎಂದು ಮತ್ತೆ ಕೇಳಿದರೆ, ಅದನ್ನೇ ಇನ್ನೊಮ್ಮೆ ಹೇಳುತ್ತೇನೆ.