ಹಸಿರು ಚೌಕದ ಪತ್ರಿ ಗಿಡ

ಬಾಗಲಕೋಟೆಯ ನವನಗರದಲ್ಲಿ ಸಕ್ರವ್ವನ ಮನೆಯೆದುರು ಒಂದು ಪತ್ರಿ ಗಿಡವಿದೆ, ಶಿವಪೂಜೆಯ ಬಿಲ್ವ. ಅದು ನಿಂತ ಜಾಗ ನಕ್ಷೆಯಲ್ಲಿ ಹಸಿರು ಬಣ್ಣದ ಚೌಕ.

ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಹಳೆ ಊರಿನ ಓಣಿ ಬಿಡಿಸುವಾಗ ಅಧಿಕಾರಿಯೊಬ್ಬರು ಆ ನಕ್ಷೆ ಬಿಚ್ಚಿ ತೋರಿಸಿದ್ದರು. ನೇರ ರಸ್ತೆಗಳು, ಸೆಕ್ಟರುಗಳು, ಶಾಲೆ, ಆಸ್ಪತ್ರೆ.

"ಈ ಹಸಿರು ಏನ್ರಿ ಸಾಹೇಬ್ರ?"

"ಉದ್ಯಾನ, ಅವ್ವಾರ. ಇಲ್ಲಿ ಯಾರೂ ಏನೂ ಕಟ್ಟೂ ಹಂಗಿಲ್ಲ."

ಹೆಸರು ಬರೆಯುವಷ್ಟೇ ಅಕ್ಷರ ಬಲ್ಲ ಸಕ್ರವ್ವ ಆ ಬಣ್ಣವನ್ನು ನೆನಪಿಟ್ಟುಕೊಂಡಳು.

ಹೊಸ ಊರಿನಲ್ಲಿ ಓಣಿ ಚದುರಿಹೋಯಿತು. ಹಳೆ ನೆರೆಯವರಲ್ಲಿ ಪಕ್ಕಕ್ಕೆ ಬಂದವನು ಅಂದಾನಪ್ಪ ಒಬ್ಬನೇ. ಹಸಿರು ಚೌಕದ ತುಂಬ ಜಾಲಿ ಬೆಳೆದಿತ್ತು. ಇಬ್ಬರೂ ಸೇರಿ ಕಡಿದರು. ಆಕೆ ಪತ್ರಿ ಸಸಿ ನೆಟ್ಟು, ಬೇಳೆ ತೊಳೆದ ನೀರು ಹೊತ್ತು ಹಾಕಿ ಬೆಳೆಸಿದಳು. ಮುಳ್ಳು ಚುಚ್ಚೀತೆಂದು ತಾನೇ ಎಲೆ ಬಿಡಿಸಿ ನಲವತ್ತು ಮನೆಗಳ ಲಿಂಗಪೂಜೆಗೆ ಕೊಡುತ್ತಿದ್ದಳು. ಮೊದಲ ಹಿಡಿ ಅಂದಾನಪ್ಪನ ಕೈಗೆ.

ಹೋದ ವರ್ಷ ಅಂದಾನಪ್ಪ ಸೆಕ್ಟರಿನ ಸಮಿತಿಗೆ ಅಧ್ಯಕ್ಷನಾದ. ಒಂದು ಮುಂಜಾನೆ ಕಾಗದ ಹಿಡಿದು ಬಂದಾಗ ಸಕ್ರವ್ವ ಪೂಜೆಯಲ್ಲಿದ್ದಳು. ಅಂಗೈಯಲ್ಲಿ ಲಿಂಗವಿದ್ದವರ ಎದುರು ಯಾರೂ ಸುಳ್ಳಾಡುವುದಿಲ್ಲವೆಂಬುದು ಹಳೆ ಓಣಿಯವರ ನಡೆ.

"ಅಕ್ಕಾ, ಗಿಡದ ಸುತ್ತ ಒಂದು ಕಟ್ಟಿ ಕಟ್ಟಸೂಣು. ಶ್ರಾವಣದಾಗ ಕುಂತು ವಚನ ಹೇಳಾಕ. ಮೊದಲ ಸಹಿ ನಿಂದ ಇರಲಿ."

ಪೂಜೆ ಮುಗಿಸಿ, ಏನೂ ಕೇಳದೆ ಸಹಿ ಹಾಕಿದಳು.

ತಿಂಗಳ ಮೇಲೆ ಕಂಬಕ್ಕೆ ನೋಟೀಸು ಅಂಟಿತು. ಪಕ್ಕದ ಮನೆಯ ಶಿಕ್ಷಕಿ ಶೀಲಾ ಓದಿ ಹೇಳಿದಳು: ಉದ್ಯಾನದ ಜಾಗದಲ್ಲಿ ಮದುವೆಗಳಿಗೆ ಮಂಗಲ ಕಾರ್ಯಾಲಯ, ಮುಂದೆ ಅಂಗಡಿ ಸಾಲು, ನಲವತ್ತು ಮನೆಗಳ ಒಪ್ಪಿಗೆ.

"ನಮ್ಮತ್ತೀನೂ ಹಾಕ್ಯಾರ ಬೇ. ಸಕ್ರವ್ವ ಹಾಕಿದಮ್ಯಾಲ ಓದೂದೇನೈತಿ ಅಂದ್ರು."

ಆ ಮಾತು ಆಕೆಗೆ ನೋಟೀಸಿಗಿಂತ ಹೆಚ್ಚು ನಟ್ಟಿತು. ನೇರ ಅಂದಾನಪ್ಪನ ಮನೆಗೆ ಹೋದಳು.

"ಆ ನೋಟೀಸಿನ್ಯಾಗ ಕಟ್ಟಿ ಎಲ್ಲೈತಿ ಅಂದಾನಿ?"

"ಕಾರ್ಯಾಲಯದಾಗ ಕಟ್ಟಿ ಇರತೈತಿ ಬಿಡಕ್ಕಾ. ನಿನಗೂ ಒಂದು ಅಂಗಡಿ ಕೊಡಸ್ತೇನಿ."

"ಅಂಗಡ್ಯಾಗ ಕುಂತು ಪತ್ರಿ ಮಾರ್ಲೇನು?"

ಅವನು ನಕ್ಕ. ಆಕೆ ನಗಲಿಲ್ಲ. "ನನ್ನ ಕೈಯಾಗ ಲಿಂಗ ಇತ್ತು. ನೀ ನೋಡಿದ್ದಿ."



ಮರುದಿನದಿಂದ ಸಕ್ರವ್ವ, ಶೀಲಾ ಬರೆದುಕೊಟ್ಟ ತಕರಾರು ಅರ್ಜಿ ಹಿಡಿದು ಮನೆಮನೆ ಹತ್ತಿದಳು. "ನನ್ನ ಸಹಿ ನೋಡಿ ಹಾಕಿದ್ರಿ. ನಂದು ತಪ್ಪಾತು. ಈ ಸಲ ಓದಿ ಹಾಕ್ರಿ." ಹೆಚ್ಚಿನವರು ಓದಿ ಸಹಿ ಮಾಡಿದರು. ಅಂಗಡಿಯ ಆಸೆಯಿದ್ದ ಕೆಲವರು ಚಹಾ ಕೊಟ್ಟು ಕಳಿಸಿದರು. ಅರ್ಜಿ ಕಚೇರಿ ಸೇರಿದೆ, ಉತ್ತರ ಬಂದಿಲ್ಲ. ಗಿಡ ಇನ್ನೂ ನಿಂತಿದೆ.

ಅರ್ಜಿ ಕೊಟ್ಟ ನಂತರದ ಸೋಮವಾರ ಅಂದಾನಪ್ಪ ಎಂದಿನಂತೆ ಬಂದು ಗಿಡದ ಕೆಳಗೆ ಕೈ ಚಾಚಿದ. ಲಿಂಗಕ್ಕೆ ಬೇಕಾದುದನ್ನು ಇಲ್ಲವೆನ್ನುವುದು ಸಕ್ರವ್ವನಿಂದ ಆಗಲಿಲ್ಲ. ಒಳ್ಳೆಯ ಎಲೆಗಳನ್ನೇ ಆರಿಸಿದಳು. ಅವನ ಕೈಗೆ ಕೊಡದೆ, ಕಾಂಪೌಂಡಿನ ಕಲ್ಲಿನ ಮೇಲಿಟ್ಟು ಒಳಗೆ ಹೋದಳು.